ನಮ್ಮ ಲೇಔಟಿನ ಕೆಮ್ಮು

ಮೊನ್ನೆ ಮಗಳು ಮೇಘಾ ನನ್ನನ್ನು ಎಳೆದುಕೊಂಡು ಹೋಗಿ ಗಂಟಲಿನ ಡಾಕ್ಟರ ಮುಂದೆ ಕೂರಿಸಿದಳು. ಸೀತಾಬರ್ಡಿಯಲ್ಲಿ ಮೆಟ್ರೋ ಇಳಿದು, ಬಟ್ಟೆ ಅಂಗಡಿಗಳ ಸಂದಿಯಲ್ಲಿ ನುಸುಳಿ, ನಡುವೆ ಎರಡು ಸಲ ದಾರಿ ತಪ್ಪಿ ಹೋದೆವು. ದಾರಿ ತಪ್ಪಿದ್ದಕ್ಕೆ ಅಂಗಡಿಯವರು ತೂಗುಹಾಕಿದ್ದ ಸೀರೆಗಳು ಕಾರಣವೇ ಹೊರತು ನಾನಲ್ಲ. ಡಾಕ್ಟರು ಮೈಸೂರಿನ ಕಡೆಯವರು, ಸಣ್ಣ ವಯಸ್ಸು, ನಾಗಪುರಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲವಂತೆ. ನಾವು ಕನ್ನಡದವರೆಂದು ತಿಳಿದೊಡನೆ ಮುಖ ಅರಳಿಸಿಕೊಂಡು, "ಬನ್ನಿ ಅಮ್ಮ, ಏನು ತೊಂದರೆ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮೇಘಾ ದೂರು ಶುರು ಮಾಡಿದಳು. "ಸರ್, ದಿನಾ ಸಂಜಿ ಕೆಮ್ಮತಾಳ್ರೀ. ಬರೋಬರ್ ಹೊತ್ತು ಮುಣಗೋ ಟೈಮಿಗೆ. ಅದೂ ಮನ್ಯಾಗ ಕೆಮ್ಮಂಗಿಲ್ಲ, ಗೇಟ್ ತನಕ ಹೋಗಿ ನಿಂತು ಕೆಮ್ಮತಾಳ. ನಂದು ಅದೇ ವೇಳ್ಯಾಕ್ಕ ಆಫೀಸ್ ಕಾಲ್ ಇರ್ತೈತಿ. ಮ್ಯಾನೇಜರ್ ಕೇಳ್ಯಾರ, ನಿಮ್ಮ ಮನ್ಯಾಗ ಯಾರಿಗೆ ತಬ್ಯೇತ್ ಖರಾಬ್ ಆಗೇತಿ ಅಂತ."

ಡಾಕ್ಟರು ದೀಪ ಹಾಕಿ ನನ್ನ ಗಂಟಲನ್ನು ಬಾವಿ ಇಣುಕಿದ ಹಾಗೆ ಇಣುಕಿದರು. ಅಲ್ಲಿ ಏನೂ ಇರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ನಾನು ಬೆರಳು ಮಡಚಿ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. "ದಿನ ಅಲ್ರೀ, ವರ್ಷ ಆಗಾಕ ಬಂತು. ಇದು ರೋಗಾನೂ ಅಲ್ಲ, ನಮ್ಮ ಲೇಔಟಿನ ಹಳೇ ಪದ್ಧತಿ" ಎಂದೆ. ಅವರು ಮಗಳ ಮುಖ ನೋಡಿದರು, ಮಗಳು ಫ್ಯಾನು ನೋಡಿದಳು. ಕೊನೆಗೆ ಒಂದು ಸಿರಪ್ಪು ಬರೆದುಕೊಟ್ಟು ಬೀಳ್ಕೊಟ್ಟರು. ಪಾಪ, ಓದಿದ ಓದಿನಲ್ಲಿ ನಮ್ಮ ಲೇಔಟು ಬಂದಿರಲಿಕ್ಕಿಲ್ಲ.

ಕೆಮ್ಮು ನಮ್ಮ ಮನೆತನಕ್ಕೆ ಹೊಸದೇನಲ್ಲ. ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ, ರೈಲ್ವೆ ವರ್ಕ್‌ಶಾಪಿನ ಹಿಂದೆ ಸಾಲುಮನೆಗಳ ಒಂದು ಚಾಳಿನಲ್ಲಿ. ನಮ್ಮಜ್ಜ ಚಾಳಿನ ಮೂಲೆ ತಿರುಗಿದ ಕೂಡಲೇ ಒಂದು ಸಲ ಕೆಮ್ಮುತ್ತಿದ್ದ. ಅಷ್ಟಕ್ಕೇ ಒಳಗೆ ಸೆರಗುಗಳು ತಲೆಯ ಮೇಲೆ ಬರುತ್ತಿದ್ದವು, ರೇಡಿಯೋ ಸಣ್ಣದಾಗುತ್ತಿತ್ತು, ಅತ್ತೆ ಓದುತ್ತಿದ್ದ ಕಥೆಪುಸ್ತಕ ಅಕ್ಕಿ ಮೊರದ ಕೆಳಗೆ ಹೋಗುತ್ತಿತ್ತು. ಹೊಸ್ತಿಲಲ್ಲಿ ಇನ್ನೊಂದು ಕೆಮ್ಮಿದರೆ ಕಾಲಿಗೆ ನೀರು. ಎಲೆಯ ಮುಂದೆ ಕೂತು ಕೆಮ್ಮಿದರೆ ಸಾರಿಗೆ ಉಪ್ಪಿಲ್ಲ. ಒಂದು ಸಲ ಅಜ್ಜನಿಗೆ ನಿಜವಾಗಿಯೂ ನೆಗಡಿ ಕೆಮ್ಮು ಹತ್ತಿತು ನೋಡಿ, ಮನೆಯೇ ದಿಕ್ಕೆಟ್ಟಿತು. ಅವನು ಒಮ್ಮೆ ಕೆಮ್ಮಿದರೆ ಒಬ್ಬರು ನೀರು, ಇನ್ನೊಬ್ಬರು ಉಪ್ಪು ಹಿಡಿದು ಓಡಿ ಬರುತ್ತಿದ್ದರು. ಅತ್ತೆಯಂತೂ ಎರಡು ದಿನ ಸೆರಗು ಇಳಿಸಲಿಲ್ಲ, ಪುಸ್ತಕವನ್ನೂ ಹೊರಗೆ ತೆಗೆಯಲಿಲ್ಲ. ಮದುವೆಗೆ ಮುಂಚೆ ನಾನು ಅಮ್ಮನ ಮುಂದೆ ಒಂದೇ ಶರತ್ತು ಇಟ್ಟಿದ್ದೆ, ಕೆಮ್ಮಿ ಕರೆಯುವ ಗಂಡ ಬೇಡ ಎಂದು. ಸಿಕ್ಕವರು ಏರ್‌ಫೋರ್ಸಿನವರು. ಅವರು ಕೆಮ್ಮುವುದಿಲ್ಲ, ಗಡಿಯಾರ ನೋಡುತ್ತಾರೆ. ಎರಡರಲ್ಲಿ ಯಾವುದು ವಾಸಿ ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಊರೂರು ಸುತ್ತಿಸಿದ ಮೇಲೆ ಏರ್‌ಫೋರ್ಸು ನಮ್ಮನ್ನು ನಾಗಪುರಕ್ಕೆ ತಂದು ಬಿಟ್ಟಿತು. ಕ್ವಾರ್ಟರ್ಸಿನ ಗೋಡೆಗೆ ಮೊಳೆ ಹೊಡೆಯಲು ಹೆದರಿ ಹೆದರಿ ನನಗೆ ಸಾಕಾಗಿತ್ತು. ಸ್ವಂತದ ಒಂದು ಗೋಡೆ ಬೇಕು, ಅದಕ್ಕೆ ಬೇಕಾದಷ್ಟು ಮೊಳೆ ಹೊಡೆಯಬೇಕು ಎಂದು ಹಟ ಹಿಡಿದೆ. ಅದರ ಫಲವೇ ನಮ್ಮ ಈ ನದೀಕಿನಾರಾ ಲೇಔಟಿನ ಮನೆ.

ಅದು ಎಲ್ಲಿದೆ ಎಂದು ನೀವು ಕೇಳಬಾರದು. ಕಾಮಠಿ ದಾಟಿ, ಕನ್ಹಾನ್ ನದಿಯ ಕಡೆ ತಿರುಗಿ ಬಂದರೆ ಒಂದು ಹುಣಸೆ ಮರದ ಹತ್ತಿರ ಡಾಂಬರು ಮುಗಿಯುತ್ತದಲ್ಲ, ಅಲ್ಲಿಂದ ನಾವು ಶುರು. ಇಪ್ಪತ್ತು ಚಿಲ್ಲರೆ ಮನೆಗಳು, ನದಿಯ ದಿಕ್ಕಿಗೆ ಇಳಿಯುವ ಒಂದೇ ಓಣಿ. ಹೆಸರೇನೋ ನದೀಕಿನಾರಾ, ಆದರೆ ನದಿ ಕಾಣಬೇಕೆಂದರೆ ಬಲಗಡೆ ಮನೆಯ ಪಾಟೀಲ್ ಕಾಕಾ ಅವರ ಮಾಳಿಗೆ ಹತ್ತಿ, ಅಲ್ಲಿಂದ ನೀರಿನ ಟಾಕಿ ಹತ್ತಬೇಕು. ಮೇ ತಿಂಗಳಲ್ಲಿ ಅಲ್ಲಿಂದಲೂ ಕಾಣುವುದು ಮರಳು ಮತ್ತು ಎಮ್ಮೆಗಳು. ಮೊಬೈಲಿನ ನಕ್ಷೆಯಲ್ಲಿ ಮಾತ್ರ ನಾವು ಸರಿಯಾಗಿ ನದಿಯ ನಟ್ಟನಡುವೆ ಇದ್ದೇವೆ. ಮೇಘಾಳ ಆಫೀಸು ವಿಮಾನ ನಿಲ್ದಾಣದ ಹತ್ತಿರದ ಮಿಹಾನಿನಲ್ಲಿ. ಹೊಸ ಕ್ಯಾಬ್ ಡ್ರೈವರು ಬಂದಾಗಲೆಲ್ಲ ಹುಣಸೆ ಮರದ ಕೆಳಗೆ ನಿಂತು ಫೋನು ಮಾಡಿ, ಮೇಡಂ, ಮ್ಯಾಪು ನೀರಿಗಿಳಿ ಅನ್ನುತ್ತಿದೆ, ಇಳಿಯಲೋ ಬೇಡವೋ ಎಂದು ಕೇಳುತ್ತಾನೆ.

ಆಡಳಿತದ ಲೆಕ್ಕದಲ್ಲೂ ನಾವು ಹಾಗೆಯೇ ನಡುನೀರಿನಲ್ಲಿದ್ದೆವು. ಹಳ್ಳಿಯವರು ನೀವು ಪಟ್ಟಣದವರು ಅನ್ನುತ್ತಿದ್ದರು, ಪಟ್ಟಣದವರು ನೀವು ಹಳ್ಳಿಯವರು ಅನ್ನುತ್ತಿದ್ದರು. ಒಮ್ಮೆ ಬಿರುಗಾಳಿಗೆ ಬೇವಿನ ಮರ ಓಣಿಗೆ ಅಡ್ಡ ಬಿದ್ದಾಗ ಎರಡೂ ಕಡೆಯಿಂದ ಜನ ಬಂದರು. ಒಬ್ಬರು ಬೇರು ನೋಡಿ ಇದು ನಮ್ಮಲ್ಲಿಲ್ಲ ಎಂದರು, ಮತ್ತೊಬ್ಬರು ತುದಿ ನೋಡಿ ಇದು ನಮ್ಮಲ್ಲಿಲ್ಲ ಎಂದರು. ಹಾಗಾದರೆ ನಡುವಿನ ಕಾಂಡ ಯಾರದು ಎಂದು ನಾನು ಕೇಳಿದೆ. ಇಬ್ಬರೂ ಚಹಾ ಕುಡಿದು ಹೋದರು. ಮರವನ್ನು ನಾವೇ ಕಡಿದೆವು, ಆ ಚಳಿಗಾಲ ಎಲ್ಲರ ಬಚ್ಚಲಿಗೂ ಕಟ್ಟಿಗೆಯಾಯಿತು.

ಯಾರ ಸರಕಾರವೂ ಇಲ್ಲದ ಮೇಲೆ ನಮ್ಮ ಸರಕಾರ ನಾವೇ ಮಾಡಿಕೊಳ್ಳಬೇಕಲ್ಲ. ನಾವು ಹೋಗುವ ಮೊದಲೇ ಅದು ನಡೆದು ಬಂದಿತ್ತು. ಓಣಿಯ ದೀಪಗಳಿಗೆಲ್ಲ ಸೇರಿ ಒಂದೇ ಸ್ವಿಚ್ಚು. ಓಣಿಯ ತುದಿಯಲ್ಲಿ, ನದಿಯ ದಂಡೆಯ ಹತ್ತಿರ, ಕಬ್ಬಿಣದ ಪೆಟ್ಟಿಗೆಯೊಳಗೆ ಅದು. ಪೆಟ್ಟಿಗೆಗೆ ಬೀಗ. ಬೀಗದ ಕೈ ಕಳೆಯಬಾರದೆಂದು ಅದನ್ನು ಒಂದು ಅರ್ಧ ಮುರಿದ ಲಟ್ಟಣಿಗೆಗೆ ಕಟ್ಟಿದ್ದರು. ಆ ಲಟ್ಟಣಿಗೆ ತಿಂಗಳಿಗೊಂದು ಮನೆಗೆ ಹೋಗುತ್ತಿತ್ತು. ಯಾರ ಮನೆಯಲ್ಲಿ ಲಟ್ಟಣಿಗೆಯೋ ಆ ತಿಂಗಳು ಅವರೇ ಸರಕಾರ. ಸಂಜೆ ದೀಪ ಹಾಕುವುದು, ಬೆಳಿಗ್ಗೆ ತೆಗೆಯುವುದು, ಹಾವು ಬಂದರೆ ಹಾವು ಹಿಡಿಯುವವನನ್ನು ಕರೆಸುವುದು, ಅವನು ಬರುವ ತನಕ ಹಾವಿನ ಮೇಲೆ ಕಣ್ಣಿಡುವುದು, ಎಲ್ಲ ಅವರ ಕೆಲಸ. ಇದಕ್ಕೆ ಪಾಳಿ ಎಂದು ಹೆಸರು.

ದೀಪ ಹಾಕುವ ಹೊತ್ತನ್ನು ನಿರ್ಧರಿಸುವವು ಎಮ್ಮೆಗಳು. ಗವಳಿ ಶಂಕರನ ಎಮ್ಮೆಗಳು ಮಧ್ಯಾಹ್ನವೆಲ್ಲ ನದಿಯಲ್ಲಿ ಬಿದ್ದುಕೊಂಡಿದ್ದು, ಮಬ್ಬಾಗುತ್ತಲೇ ನಮ್ಮ ಓಣಿಯಲ್ಲೇ ಹತ್ತಿ ಬರುತ್ತವೆ. ಮೊದಲೇ ದೀಪ ಹಾಕಿದರೆ ಬೆಚ್ಚಿ ಕಂಡವರ ಅಂಗಳಕ್ಕೆ ನುಗ್ಗುತ್ತವೆ. ಪಾಟೀಲ್ ಕಾಕಾ ಅವರ ಗುಲಾಬಿ ತೋಟ ಒಂದು ಸಲ ಹಾಗೆಯೇ ನೆಲಸಮವಾಗಿತ್ತು. ಆದ್ದರಿಂದ ಕೊನೆಯ ಎಮ್ಮೆ ಹುಣಸೆ ಮರ ದಾಟಿದ ಮೇಲೆಯೇ ದೀಪ. ದೀಪ ಹತ್ತಿದ ಕೂಡಲೇ ಎಲ್ಲರೂ ಅವರವರ ಗೇಟಿನಲ್ಲಿ ನಿಂತು ಅದಕ್ಕೊಂದು ಕೈಮುಗಿದು ಒಳಗೆ ಹೋಗುತ್ತಿದ್ದರು.

ಇನ್ನೊಂದು ನಿಯಮವಿತ್ತು, ಅದು ಎಲ್ಲಕ್ಕಿಂತ ಗಟ್ಟಿ. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ. ದೀಪ ತಡವಾಯಿತು, ತಪ್ಪಿತು, ಹೀಗೆ ಮಾಡಿ, ಹಾಗೆ ಮಾಡಿ, ಏನೂ ಇಲ್ಲ. ಅವರ ಸರಕಾರ, ಅವರ ಇಷ್ಟ. ಹೆಚ್ಚೆಂದರೆ ಗೇಟಿನ ಮುಂದೆ ಹಾದುಹೋಗುತ್ತ ಒಮ್ಮೆ ಕೆಮ್ಮಬಹುದು.

ನನಗೆ ಈ ಕೆಮ್ಮಿನ ಸಂಗತಿ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ, ಏಕೆಂದರೆ ನಮಗೆ ಪಾಳಿಯೇ ಕೊಟ್ಟಿರಲಿಲ್ಲ. ನಮ್ಮ ಎಡಗಡೆ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕುಸುಮ ಮಾವಶಿ, ಬಲಗಡೆ ಪಾಟೀಲ್ ಕಾಕಾ. ಮಾವಶಿಯ ತಿಂಗಳು ಮುಗಿದ ದಿನ ಆಕೆ ಲಟ್ಟಣಿಗೆ ಹಿಡಿದು ಹೊರಟು, ನಮ್ಮ ಗೇಟು ದಾಟಿ, ಪಾಟೀಲರ ಗೇಟು ತೆರೆಯುತ್ತಿದ್ದಳು. ನಾನು ಗೋಡೆಯ ಹಿಂದೆ ಬಟ್ಟೆ ಒಣಗಿಸುವ ನೆಪ ಮಾಡಿ ನೋಡುತ್ತಿದ್ದೆ. ನಾವು ಫೌಜಿ ಜನ, ಕರ್ನಾಟಕದವರು, ಇವತ್ತಲ್ಲ ನಾಳೆ ಪೆಟ್ಟಿಗೆ ಕಟ್ಟಿಕೊಂಡು ಹೋಗುವವರು, ಇವರಿಗೇಕೆ ಪಾಳಿ ಎಂಬುದು ಓಣಿಯ ಅಭಿಪ್ರಾಯ. ನನಗೆ ಹೊಟ್ಟೆ ಉರಿಯುತ್ತಿತ್ತು. "ಹೋಗ್ಲಿ ಬಿಡ, ಒಂದು ಕೆಲಸ ಕಡಿಮಿ ಆತು" ಎಂದು ನಮ್ಮವರು ಗಡಿಯಾರಕ್ಕೆ ಕೀಲಿ ಕೊಡುತ್ತ ಹೇಳುತ್ತಿದ್ದರು. ಎರಡು ದಿನ ಅವರಿಗೆ ಉಪ್ಪಿಲ್ಲದ ಸಾರು ಹಾಕಿದೆ. ಅವರು ಕೆಮ್ಮುವವರಲ್ಲವಾದ್ದರಿಂದ ಹಾಗೆಯೇ ಉಂಡರು.

ನಮ್ಮ ನಸೀಬು ತೆರೆಸಿದ್ದು ಒಂದು ರುಬ್ಬುವ ಕಲ್ಲು. ಅಮ್ಮ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆ ಖಾಲಿ ಮಾಡುವಾಗ ಎಲ್ಲರೂ ಬಂಗಾರ ನೋಡಿದರು, ನಾನು ಒರಳು ಕೇಳಿದೆ. ಎಲ್ಲರೂ ಖುಷಿಯಿಂದ ಕೊಟ್ಟರು. ಅದು ಲಾರಿಯಲ್ಲಿ ಬಂತು, ನಾಲ್ಕು ಜನ ಹೊತ್ತು ಹಿತ್ತಲಿಗೆ ತಂದು, ಸಿಮೆಂಟು ಹಾಕಿ ನೆಲದಲ್ಲಿ ಕೂರಿಸಿದರು. ಮಾವಶಿ ಗೋಡೆಯ ಆಚೆಯಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲ ನೋಡಿದಳು. ಅದರಲ್ಲಿ ನಾನು ರುಬ್ಬಿದ್ದು ಒಂದೋ ಎರಡೋ ಸಲ, ಮಿಕ್ಸಿ ಯಾತಕ್ಕಿದೆ ಮತ್ತೆ. ಆದರೆ ಆ ತಿಂಗಳ ಕೊನೆಗೆ ಮಾವಶಿ ಲಟ್ಟಣಿಗೆ ಹಿಡಿದು ಬಂದು ನಮ್ಮ ಗೇಟಿನ ಮುಂದೆ ನಿಂತಳು. ಆಕೆ ಆಡುವುದು ಮರಾಠಿ. ಬರೆಯುವವಳು ನಾನಾದ್ದರಿಂದ ಇಲ್ಲಿ ನನ್ನ ಹುಬ್ಬಳ್ಳಿ ಕನ್ನಡದಲ್ಲೇ ಆಡಲಿ.

"ಇಷ್ಟ ಭಾರದ್ದ ತಂದು ಹುಗದೀರಿ ಅಂದ್ರ ನೀವು ಹೋಗೋ ಪೈಕಿ ಅಲ್ಲ. ತಗೋ, ಈ ತಿಂಗಳ ನಿಂದು" ಎಂದಳು.

ಲಟ್ಟಣಿಗೆ ಕೈಗೆ ಬಂದಾಗ ನಿಜವಾಗಿಯೂ ನನ್ನ ಕಣ್ಣು ತುಂಬಿತು. ಗಂಡನ ಬಡ್ತಿಯ ದಿನವೂ ಹಾಗಾಗಿರಲಿಲ್ಲ. ಇದನ್ನು ನಮ್ಮವರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಸರಕಾರ ಬಂದ ಮೂರನೆಯ ದಿನವೇ ಅನಾಹುತ. ಆವತ್ತು ಶಂಕರ ಗವಳಿ ಮಗಳ ಮದುವೆಗೆಂದು ರಾಮಟೇಕಿಗೆ ಹೋಗಿದ್ದ, ಎಮ್ಮೆಗಳನ್ನು ಕೊಟ್ಟಿಗೆಯಿಂದ ಬಿಟ್ಟೇ ಇರಲಿಲ್ಲ. ನನಗೇನು ಗೊತ್ತು. ಲಟ್ಟಣಿಗೆ ಹಿಡಿದು ಪೆಟ್ಟಿಗೆಯ ಮುಂದೆ ನಿಂತೆ. ಹೊತ್ತು ಮುಳುಗಿತು, ಕತ್ತಲಾಯಿತು, ಸೊಳ್ಳೆ ಬಂದವು, ಎಮ್ಮೆ ಬರಲಿಲ್ಲ.

"ಹಾಕಲೇನ್ರೀ?" ಎಂದು ನಮ್ಮವರನ್ನು ಕೇಳಿದೆ.

"ರೂಲ್ ಏನೈತಿ?"

"ಎಮ್ಮಿ ದಾಟಬೇಕು."

"ದಾಟ್ಯಾವೇನು?"

"ಇಲ್ಲ."

"ಮತ್ತ" ಎಂದು ಅವರು ಗಡಿಯಾರ ನೋಡಿದರು. ಇಪ್ಪತ್ತು ವರ್ಷದ ಮೇಲೆ ನೌಕರಿ ಮಾಡಿದ ಮನುಷ್ಯ, ಎಮ್ಮೆಗಾಗಿ ಕೈಕಟ್ಟಿ ನಿಂತಿದ್ದರು.

ಆಗ ಒಬ್ಬೊಬ್ಬರಾಗಿ ಟಾರ್ಚು ಹಿಡಿದು ಮನೆಯಿಂದ ಹೊರಬಿದ್ದರು. ಊಟಕ್ಕೆ ಮುಂಚೆ ತಿರುಗಾಡಲು ಹೊರಟವರ ಹಾಗೆ ನಮ್ಮ ಮುಂದೆ ಹಾದು, ಒಂದು ಸಲ ಕೆಮ್ಮಿ, ಹಿಂದಿರುಗಿದರು. ಪಾಟೀಲ್ ಕಾಕಾ ಎರಡು ಸಲ ಬಂದರು. ಓಣಿಗೆ ಓಣಿಯೇ ಕೆಮ್ಮುತ್ತಿದೆಯಲ್ಲ, ಯಾವ ಜ್ವರ ಬಂತಪ್ಪ ಎಂದು ನನಗೆ ಗಾಬರಿ. ಸರಕಾರವೆಂದ ಮೇಲೆ ಏನಾದರೂ ಮಾಡಬೇಕಲ್ಲ. ಮನೆಗೆ ಓಡಿ, ಶುಂಠಿ, ಮೆಣಸು, ಜೀರಿಗೆ, ಬೆಲ್ಲ ಹಾಕಿ ಒಂದು ಪಾತೇಲಿ ತುಂಬ ಕಷಾಯ ಕುದಿಸಿ ತಂದು, ಕೆಮ್ಮಿದವರಿಗೆಲ್ಲ ಒಂದೊಂದು ಲೋಟ ಕೊಟ್ಟೆ. ಅವರೂ ಅಷ್ಟೇ ಗಟ್ಟಿ ಜನ. ಕತ್ತಲಲ್ಲಿ ನಿಂತು, ಒಂದು ಮಾತೂ ಆಡದೆ, ಕಷಾಯ ಪೂರ್ತಿ ಕುಡಿದು, ಮತ್ತೊಮ್ಮೆ ಕೆಮ್ಮಿ, ಲೋಟ ಕೊಟ್ಟು ಹೋದರು. ಮತ್ತೆ ಕೆಮ್ಮಿದ್ದಕ್ಕೆ ನಾನು ಇನ್ನಷ್ಟು ಮೆಣಸು ಹಾಕಿದೆ.

ಆ ರಾತ್ರಿ ನದೀಕಿನಾರಾ ಕತ್ತಲೆಯಲ್ಲೇ ಮಲಗಿತು. ಬೆಳಿಗ್ಗೆ ಮಾವಶಿ ಬಂದು, ಒರಳಿನ ಮೇಲೆ ಕೂತು, ಕೆಮ್ಮು ಎಂದರೇನೆಂದು ನನಗೆ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ನಕ್ಕು ಆಕೆಗೆ ನಿಜವಾದ ಕೆಮ್ಮೇ ಬಂತು. ಅಂದಿನಿಂದ ಯಾರ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಕರ್ನಾಟಕದ ಸರಕಾರಕ್ಕೆ ತಿಳಿಸಿ ಎನ್ನುವುದು ಓಣಿಯ ಮಾತಾಯಿತು. ನನ್ನನ್ನು ಚೇಷ್ಟೆ ಮಾಡತೊಡಗಿದ ಮೇಲೆ ನಾನು ಇಲ್ಲಿಯವಳೆಂದು ನನಗೇ ಅನ್ನಿಸತೊಡಗಿತು.

ಹಾಗಂತ ನಾನು ತೃಪ್ತಳಾಗಿ ಕೂತವಳಲ್ಲ. ಪಟ್ಟಣಕ್ಕೆ ಸೇರಬೇಕು, ವಿಳಾಸ ಬೇಕು, ಡಾಂಬರು ಬೇಕು ಎಂದು ಓಣಿಯಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ ಇತ್ತು. ದಾಟದ ಬಾಗಿಲಿಲ್ಲ, ಕೊಡದ ಅರ್ಜಿಯಿಲ್ಲ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ದನಿ ಪಟ್ಟಣದವರಿಗೆ ಕೇಳಿಸಿತು. ಬರುವ ಒಂದನೇ ತಾರೀಖಿನಿಂದ ನೀವು ಪಟ್ಟಣಕ್ಕೆ ಸೇರಿದಿರಿ, ಹೊಸ ಕಂಬ ಹಾಕುತ್ತೇವೆ, ಕತ್ತಲಾದರೆ ತಾವಾಗಿಯೇ ಹತ್ತುವ ದೀಪ, ಹಳೆಯ ಪೆಟ್ಟಿಗೆ ತೆಗೆಯುತ್ತೇವೆ ಎಂದು ಹೇಳಿ ಹೋದರು. ನಾನು ಓಣಿಗೆಲ್ಲ ಶಿರಾ ಮಾಡಿ ಹಂಚಿದೆ.

ಹಂಚಿ ಬಂದು ಕೂತಾಗ ಗೋಡೆಯ ಮೊಳೆಗೆ ನೇತುಹಾಕಿದ್ದ ಲಟ್ಟಣಿಗೆ ಕಣ್ಣಿಗೆ ಬಿತ್ತು. ಪಾಳಿ ಆಗ ನಮ್ಮದೇ. ಅಂದರೆ ನದೀಕಿನಾರಾದ ಕೊನೆಯ ಸರಕಾರ ನಾನು. ಒಂದು ಕಾಲಕ್ಕೆ ನನ್ನ ಗೇಟು ದಾಟಿ ಹೋಗುತ್ತಿದ್ದ ಲಟ್ಟಣಿಗೆ ಕೊನೆಗೆ ನನ್ನ ಮೊಳೆಗೇ ಬಂದು ನಿಂತಿದೆ. ನನಗೆ ಸೊಕ್ಕು ಬಂತು ಎಂದರೆ ಸುಳ್ಳಲ್ಲ. ಕೊನೆಯ ಸಂಜೆ ಇಳಕಲ್ ಸೀರೆ ಉಡುವುದು, ಓಣಿಗೆಲ್ಲ ಚುರುಮುರಿ ಗಿರಮಿಟ್ಟು ಮಾಡುವುದು, ದೀಪ ಹಾಕಿ ಮರಾಠಿಯಲ್ಲಿ ನಾಲ್ಕು ಮಾತಾಡುವುದು ಎಂದು ನಿಶ್ಚಯಿಸಿದೆ. ಬಚ್ಚಲಲ್ಲಿ ಭಾಷಣದ ಅಭ್ಯಾಸವೂ ನಡೆಯಿತು.

ಆಗ ಬಂದಳು ಮಾವಶಿ. ಪಾಳಿಯ ಸರದಿಯಲ್ಲಿ ನಮಗಿಂತ ಮುಂಚಿನ ತಿಂಗಳು ಆಕೆಯದು. ಆದರೆ ಆಕೆ ಕಣ್ಣಿನ ಪೊರೆ ತೆಗೆಸಲು ಅಮರಾವತಿಯ ಮಗಳ ಮನೆಗೆ ಹೋಗಿದ್ದಳು. ಈ ಸಲ ನನ್ನ ಬಿಟ್ಟು ಮುಂದೆ ಹೋಗಲಿ, ಮತ್ತೆ ಬರುತ್ತದಲ್ಲ ಎಂದು ತಾನೇ ಹೇಳಿ ಹೋಗಿದ್ದಳು. ಇನ್ನು ಬರುವುದಿಲ್ಲ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿರುಗಿದಾಗ ಸುದ್ದಿ ತಿಳಿಯಿತು.

ನಿಮಗೆ ಒಂದು ಮಾತು ಹೇಳಿರಲಿಲ್ಲ. ಈ ನದಿ ದಂಡೆಗೆ ಮೊದಲು ಬಂದು ಮನೆ ಕಟ್ಟಿದವರು ಮಾವಶಿ ಮತ್ತು ಆಕೆಯ ಗಂಡ. ಆಮೇಲೆ ಬಂದವರಿಗೆ ದಾರಿ ಕಾಣಲೆಂದು ಅವರು ತಮ್ಮ ಮನೆಯ ಮುಂದೆ ಒಂದು ಬಲ್ಬು ಹಾಕಿದ್ದರು. ಓಣಿಯ ಮೊದಲ ದೀಪ ಅದೇ. ಗಂಡ ತೀರಿಹೋದ ಮೇಲೆ ದೀಪ ಎಲ್ಲರದಾಯಿತು, ಪಾಳಿ ಹುಟ್ಟಿತು. ಲಟ್ಟಣಿಗೆಯೂ ಆಕೆಯ ಅಡುಗೆಮನೆಯದೇ.

ಆದರೆ ನಿಯಮ ನಿಯಮವೇ. ಪಾಳಿ ನನ್ನದು, ಆಕೆ ಕೇಳುವಂತಿಲ್ಲ. ಬಾಯಿಬಿಟ್ಟು ಕೇಳುವ ಜಾತಿಯೂ ಅಲ್ಲ. ಸಂಜೆ ಬಂದು ಗೇಟಿನ ಮುಂದೆ ನಿಂತು ಒಂದು ಸಲ ಕೆಮ್ಮಿದಳು. ನಾನು ಹೊರಗೆ ಹೋದೆ. ಮೊಣಕಾಲು ನೋವಿನ ಮಾತಾಡಿದಳು. ಮರುದಿನ ಕೆಸುವಿನ ಎಲೆಯ ವಡಿ ತಂದುಕೊಟ್ಟು ಕೆಮ್ಮಿದಳು. ಅದರ ಮರುದಿನ ಏನೂ ತರಲಿಲ್ಲ, ಒಳಗೇ ಬಂದು, ಕುರ್ಚಿಯಲ್ಲಿ ಕೂತು, ಲಟ್ಟಣಿಗೆ ತೂಗುತ್ತಿದ್ದ ಗೋಡೆಯ ಕಡೆಗೇ ಮುಖ ಮಾಡಿ ಕೆಮ್ಮಿದಳು.

"ಅಮರಾವತಿ ಹವಾ ಒಗ್ಗಲಿಲ್ಲ ಕಾಣಸ್ತೈತಿ" ಎಂದೆ. ಎಂಥ ಗಟ್ಟಿಗಿತ್ತಿ ನಾನು, ನೋಡಿ.

"ಹೂಂ, ಹವಾ" ಎಂದು ಮಾವಶಿ ಎದ್ದು ಹೋದಳು.

ಮೇಘಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಅಮ್ಮಾ, ಮಾವಶಿ ಆಜಿಗೆ ಏನ್ ಬೇಕು ಅಂತ ನಿನಗ ಪತಾ ಐತಿ. ನಿನಗ ಪತಾ ಐತಿ ಅಂತ ಆಕಿಗೂ ಪತಾ ಐತಿ. ಸೀದಾ ಬಾತ್ ಮಾಡಾಕ ಏನಾಗೇತಿ ನಿಮಗ?" ಎಂದಳು.

"ಪಾಳಿ ನಂದು" ಎಂದೆ.

"ಬರೋಬರ್, ರೂಲ್ ಪ್ರಕಾರ ನಮ್ಮದ" ಎಂದರು ನಮ್ಮವರು. ಆಮೇಲೆ ಗಡಿಯಾರ ನೋಡದೆಯೇ, "ಆದ್ರ ಆಕಿದು ಹೋತಲ್ಲ" ಎಂದರು. ಅವರು ನನ್ನ ಕಡೆ ಮಾತಾಡಿದಾಗಲೇ ನನಗೆ ಹೆಚ್ಚು ಸಿಟ್ಟು ಬರುವುದು.

ತಿಂಗಳು ಮುಗಿಯಲು ಒಂದು ದಿನ ಉಳಿದಿದ್ದ ಸಂಜೆ ಎಮ್ಮೆಗಳು ದಾಟಿದವು, ನಾನು ದೀಪ ಹಾಕಿ ಹಿಂದಿರುಗುತ್ತಿದ್ದೆ. ಮಾವಶಿ ತನ್ನ ಗೇಟಿನಲ್ಲಿ ನಿಂತಿದ್ದಳು. ನಾನು ಬರುತ್ತಿರುವುದು ಆಕೆಗೆ ಗೊತ್ತಿರಲಿಲ್ಲ. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ದೀಪವನ್ನು ಕಣ್ಣು ಕಿರಿದು ಮಾಡಿ ನೋಡುತ್ತ, ಕೈಮುಗಿದುಕೊಂಡೇ ನಿಂತಿದ್ದಳು. ಎಲ್ಲರೂ ಒಳಗೆ ಹೋದರೂ ಹೋಗಲಿಲ್ಲ. ನನಗೆ ನನ್ನ ಮೇಲೆಯೇ ಬೇಸರ ಬಂತು. ಭಾಷಣ ಅಲ್ಲಿಗೆ ಮುಗಿಯಿತು.

ಮರುದಿನ ಸಂಜೆ ಗಿರಮಿಟ್ಟು ಮಾಡಿಟ್ಟೆ, ಇಳಕಲ್ ಸೀರೆಯನ್ನೂ ಬಿಡಲಿಲ್ಲ, ಉಟ್ಟೆ. ಲಟ್ಟಣಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮಾವಶಿಯ ಗೇಟಿನ ಮುಂದೆ ನಿಂತೆ. ತಗೋ ಎನ್ನಲು ಬಾಯಿ ಬರಲಿಲ್ಲ. ಕೆಮ್ಮಿದೆ.

ಮಾವಶಿ ಹೊರಗೆ ಬಂದು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಸೆರಗಿನೊಳಗೆ ಏನಿದೆಯೆಂದು ಕುರುಡರಿಗೂ ಕಾಣುವಂತಿತ್ತು. ಆಕೆಯಂತೂ ಹೊಸ ಕಣ್ಣಿನವಳು.

"ಯಾಕವಾ, ಗಂಟಲಾ ಕೆಟ್ಟೈತೇನು? ಬಾ, ಕಷಾಯ ಮಾಡ್ತೀನಿ" ಎಂದಳು.

ನನ್ನನ್ನು ಒಳಗೆ ಕೂರಿಸಿ, ಶುಂಠಿ ಜಜ್ಜಿ, ಮೆಣಸು ಕುಟ್ಟಿ, ಏನೂ ಅವಸರವಿಲ್ಲದೆ ಕುದಿಸಿ, ಲೋಟ ತುಂಬ ಕೈಗೆ ಕೊಟ್ಟಳು. ಅಷ್ಟು ಮೆಣಸನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ದೂರದಲ್ಲಿ ಎಮ್ಮೆಗಳ ಗಂಟೆ ಕೇಳಿಸತೊಡಗಿತು. ತೊಡೆಯ ಮೇಲೆ ಲಟ್ಟಣಿಗೆ, ಕಣ್ಣಲ್ಲಿ ನೀರು, ಮಾವಶಿ ಎದುರಿಗೆ ಕೂತು ಕೊನೆಯ ಗುಟುಕಿನ ತನಕ ನೋಡಿದಳು.

"ಇನ್ನೂ ಐತೇನು ಕೆಮ್ಮು?"

"ಐತಿ."

ಆಕೆ ಕೈ ಚಾಚಿದಳು, ನಾನು ಲಟ್ಟಣಿಗೆ ಕೊಟ್ಟೆ. ಇಬ್ಬರೂ ಓಣಿಯ ತುದಿಗೆ ಹೋಗಿ ಪೆಟ್ಟಿಗೆಯ ಹತ್ತಿರ ನಿಂತೆವು. ಎಮ್ಮೆಗಳು ದಂಡೆ ಹತ್ತಿ ಬಂದವು. ಎಷ್ಟೋ ವರ್ಷದಿಂದ ಮಾವಶಿ ಅವನ್ನು ಗಂಟೆಯ ಸದ್ದಿನಲ್ಲೇ ಲೆಕ್ಕ ಹಿಡಿಯುತ್ತಿದ್ದಳು. ಈಗ ಕನ್ನಡಕ ತೆಗೆದು ನೋಡಿ ಬೆರಗಾದಳು.

"ಎಷ್ಟ ಕಪ್ಪ ಅದಾವ ನೋಡ ಇವು" ಎಂದಳು. "ನನಗ ಎಲ್ಲಾ ಬೂದಿ ಬಣ್ಣದ್ದ ಆಗಿಬಿಟ್ಟಿದ್ವು."

ಕೊನೆಯ ಎಮ್ಮೆ ನಿಧಾನಕ್ಕೆ ಹೋಗಿ ಹುಣಸೆ ಮರ ದಾಟಿತು. ಮಾವಶಿ ಬೀಗ ತೆರೆದು ಸ್ವಿಚ್ಚು ಒತ್ತಿದಳು. ಓಣಿಯ ಹಳದಿ ಬಲ್ಬುಗಳು ಹತ್ತಿದವು. ನೋಡಿದರೆ ಎಲ್ಲ ಗೇಟಿನಲ್ಲೂ ಜನ. ಪ್ರತಿಯೊಬ್ಬರಿಗೂ ಅದೇ ಹೊತ್ತಿಗೆ ಗೇಟಿನಲ್ಲಿ ಏನೋ ಕೆಲಸ ಬಿದ್ದಿತ್ತು. ಪಾಟೀಲ್ ಕಾಕಾ ಇಲ್ಲದ ಗುಲಾಬಿಗೆ ನೀರು ಹಾಕುತ್ತಿದ್ದರು. ಯಾರೂ ಮಾತಾಡಲಿಲ್ಲ, ಪಾಳಿ ಮಾವಶಿಯದು. ಎಲ್ಲರೂ ಕೈಮುಗಿದರು, ನಾನೂ ಮುಗಿದೆ. ಗಿರಮಿಟ್ಟು ಚೆನ್ನಾಗಿಯೇ ಆಗಿತ್ತು, ಆದರೆ ಗಂಟಲಿನ ಮೆಣಸಿನ ದೆಸೆಯಿಂದ ನನಗೆ ರುಚಿ ತಿಳಿಯಲಿಲ್ಲ.

ಮನೆಗೆ ಹೋಗುವಾಗ ಮಾವಶಿ ಲಟ್ಟಣಿಗೆಯನ್ನು ನನ್ನ ಕೈಗೇ ತಿರುಗಿ ಕೊಟ್ಟಳು. "ತಿಂಗಳ ನಿಂದ ಐತಲ್ಲ" ಎಂದಳು.

ಪಟ್ಟಣದವರು ಹೇಳಿದ ಹಾಗೆ ಬಂದು, ಪೆಟ್ಟಿಗೆ ಕಿತ್ತು, ಎತ್ತರದ ಕಂಬ ನೆಟ್ಟರು. ನಮಗೆ ವಿಳಾಸ ಬಂತು. ದೀಪ ತಾನಾಗಿ ಹತ್ತುತ್ತದೆ, ತಾನಾಗಿ ಆರುತ್ತದೆ, ಬೆಳಕು ಬಿಳಿ. ಎಮ್ಮೆಗಳು ಮೊದಲೆರಡು ದಿನ ಬೆಚ್ಚಿದವು, ಆಮೇಲೆ ನಮಗಿಂತ ಬೇಗ ಒಗ್ಗಿಕೊಂಡವು. ನಾವು ಮಾತ್ರ ಅಭ್ಯಾಸಬಲದಿಂದ ಹೊತ್ತು ಮುಳುಗುವಾಗ ಗೇಟಿಗೆ ಬಂದು, ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದೆವು.

ಒಂದು ವಾರ ಕಳೆದಿರಬೇಕು. ಮಧ್ಯಾಹ್ನದ ಚಹಾದ ಹೊತ್ತಿಗೆ ಮೋಡ ಕವಿದು ಕತ್ತಲಾಯಿತು, ದೀಪಗಳೆಲ್ಲ ಹತ್ತಿಕೊಂಡವು. ಮೋಡ ಸರಿದು ಬೆಳಕಾದರೂ ಅವು ಆರಲಿಲ್ಲ. ಹಗಲಲ್ಲಿ ಉರಿಯುವ ದೀಪ ನೋಡಿ ಓಣಿಯೆಲ್ಲ ಹೊರಗೆ ಬಂತು. ನಮ್ಮವರು ದೂರು ಕೊಡುವ ನಂಬರು ಒತ್ತಲೆಂದು ಮೊಬೈಲು ತೆಗೆದರು. ತೆಗೆದವರು ಒಮ್ಮೆ ಓಣಿಯ ಕಡೆ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ಈಗ ಪಟ್ಟಣದವರ ಪಾಳಿ" ಎಂದು ಮೊಬೈಲು ಜೇಬಿಗೆ ಇಟ್ಟರು.

ಆಗ ಮಾವಶಿ ನಿಧಾನಕ್ಕೆ ಕಂಬದ ಬುಡಕ್ಕೆ ಹೋದಳು. ಕತ್ತೆತ್ತಿ ದೀಪವನ್ನು ನೋಡಿದಳು. ಕೆಮ್ಮಿದಳು.

ದೀಪಗಳು ಒಂದರ ಹಿಂದೆ ಒಂದು ಆರಿದವು. ಯಂತ್ರಕ್ಕೆ ಬೆಳಕು ತಿಳಿಯಲು ಅಷ್ಟು ಹೊತ್ತು ಬೇಕಾಗುತ್ತದೆ ಎಂದು ಮೇಘಾ ಆಮೇಲೆ ವಿವರಿಸಿದಳು. ಇರಬಹುದು. ಅಲ್ಲಿ ನಿಂತಿದ್ದ ನಮಗೆ ಯಾರಿಗೂ ಆ ವಿವರಣೆ ಬೇಕಾಗಿರಲಿಲ್ಲ.

"ತಿಳಿದ ಮಂದಿ ಅದಾರ" ಎಂದು ಮಾವಶಿ ತೃಪ್ತಿಯಿಂದ ಹಿಂದಿರುಗಿದಳು. ನನ್ನ ಗೇಟಿನ ಹತ್ತಿರ ನಿಂತು ಕೇಳಿದಳು, "ಲಟ್ಟಣಿಗಿ ಇಟ್ಟೀಯಲ್ಲ?"

"ಮೊಳಿಗೇ ಐತಿ."

"ಇರ್ಲಿ. ಅವರದೂ ಒಂದಿನ ಮುಗೀತೈತಿ. ಆಮ್ಯಾಲೆ ಪಾಟೀಲಂದು, ತಿರುಗಿ ಬರಕೋತ ನಂದು."

ಇನ್ನು ಯಾರ ಪಾಳಿಯೂ ಬರುವುದಿಲ್ಲವೆಂದು ಆಕೆಗೆ ಹೇಳಲು ಓಣಿಯಲ್ಲಿ ಒಬ್ಬರಿಗೂ ಧೈರ್ಯವಾಗಿಲ್ಲ. ನನಗಂತೂ ಹೇಳುವ ಮನಸ್ಸೂ ಇಲ್ಲ. ಆದ್ದರಿಂದ ದಿನಾ ಸಂಜೆ ಹೊತ್ತು ಮುಳುಗುವಾಗ ನಾನು ಗೇಟಿಗೆ ಹೋಗಿ ನಿಲ್ಲುತ್ತೇನೆ. ಎಡಗಡೆಯ ಗೇಟಿನಲ್ಲಿ ಮಾವಶಿ ನಿಂತಿರುತ್ತಾಳೆ. ಕೊನೆಯ ಎಮ್ಮೆ ದಾಟಿದ ಮೇಲೆ ಇಬ್ಬರೂ ಆ ಬಿಳಿ ದೀಪದ ಕಡೆಗೆ ಮುಖ ಮಾಡಿ ಒಂದೊಂದು ಸಲ ಕೆಮ್ಮುತ್ತೇವೆ, ನಿಮ್ಮ ತಿಂಗಳು ಮುಗಿಯಿತೇ ಎಂದು ಕೇಳಲು.